ನೀರು ಹೋಯ್ತು

ಎಲ್ಲಿ ಒಂದು ಹನಿ ಅಕ್ರಮವಾಗಿ ತೊಟ್ಟಿಕ್ಕಿದರೂ ವಾಷರ್ ವೀರನ ಬಲಗಿವಿ ನಿಮಿರುತ್ತಿತ್ತು. ಅವನ ಹೆಜ್ಜೆ ಸಪ್ಪಳಕ್ಕೇ ಮೂರು ಗೋಡೆಯಾಚೆಯ ನಲ್ಲಿಯೊಂದು ಸೋರುವುದನ್ನು ನಿಲ್ಲಿಸಿತ್ತೆಂದು ಪ್ರತೀತಿ. ಅಂಥ ಪ್ಲಂಬರ್ ಮಹಾಶಯ ಈಗ ಹೆರಿಗೆ ಕೋಣೆಯ ದೊಡ್ಡ ತೊಟ್ಟಿಯ ಪಕ್ಕದಲ್ಲಿ ಅದರ ನಲ್ಲಿ ತಿರುವುತ್ತ ಕೂತಿದ್ದ. ತೊಟ್ಟಿಯೊಳಗೆ, ಎದೆಮಟ್ಟದ ಬೆಚ್ಚನೆ ನೀರಿನಲ್ಲಿ, ಅವನ ಹೆಂಡತಿ ನೋವು ತಿನ್ನುತ್ತಿದ್ದಳು.

ಹೆಂಡತಿ: ರೀ, ಆ ನಲ್ಲಿ ಬಿಟ್ಟು ನನ್ನ ಕೈ ಹಿಡ್ಕೊಳ್ಳಿ ಅಂದೆ.

ಗಂಡ: ವಾಷರ್ ಸವೆದಿದೆ ಕಣೇ.

ಹೆಂಡತಿ: ನಾನೂ ಸವೆದಿದ್ದೀನಿ.

ಸೂಲಗಿತ್ತಿ: ನೀರು ಬೆಚ್ಚಗಿರೋವರೆಗೂ ಇಲ್ಲೇ ಇರಮ್ಮ. ತಣ್ಣಗಾದ್ರೆ ಮಂಚಕ್ಕೆ ಹೋಗ್ಬೇಕಾಗುತ್ತೆ.

ಹೆಂಡತಿ: ಮಂಚದ ಮಾತೆತ್ತಬೇಡಿ ಅಕ್ಕ. ನೀರಿಗಿಳಿದ ಮೇಲೇ ಈ ಸೊಂಟ ನಂದು ಅನ್ನಿಸ್ತಿರೋದು. ಅಕ್ಕ, ಒಳಗೇನೋ ಟಪ್ ಅಂತು.

ಸೂಲಗಿತ್ತಿ (ಬಗ್ಗಿ ನೋಡಿ): ನೀರು ಹೋಯ್ತು. ಒಳ್ಳೇದೇ ಆಯ್ತು.

ಗಂಡ: ಒಳ್ಳೇದಾ? ಎಲ್ಲಿಂದ ಹೋಯ್ತು?

ಸೂಲಗಿತ್ತಿ: ಎಲ್ಲಿಂದ ಹೋಗ್ಬೇಕೋ ಅಲ್ಲಿಂದ.

ಗಂಡ: ಎಷ್ಟು?

ಸೂಲಗಿತ್ತಿ: ಇದ್ದಷ್ಟು.

ವೀರ ಸೊಂಟದಿಂದ ಸ್ಪ್ಯಾನರ್ ಹಿರಿದು ತೊಟ್ಟಿಯ ಹಿಂದೆ ನುಗ್ಗಿದ. ಕೊಳವೆಗಳು ಕಿರುಗುಟ್ಟಿದವು. ಬಳಿಕ ಗೋಡೆಯುದ್ದಕ್ಕೂ ಗಾಢ ಮೌನ.

ಗಂಡ: ಮೇನ್ ವಾಲ್ವ್ ಬಂದ್ ಮಾಡ್ದೆ. ಇನ್ನು ಒಂದು ಹನಿ ಹೋಗಲಿ ನೋಡೋಣ.

ಸೂಲಗಿತ್ತಿ: ಬಿಸಿನೀರಿಂದೂ?

ಗಂಡ: ಇಡೀ ಕಟ್ಟಡದ್ದು.

ಸೂಲಗಿತ್ತಿ: ಮಹಾರಾಯರೇ, ನಾನು ಹೇಳಿದ್ದು ಹೊಟ್ಟೇಲಿ ಮಗು ಸುತ್ತ ಇರೋ ನೀರು. ಈಗ ತೊಟ್ಟಿ ನೀರು ತಣ್ಣಗಾದ್ರೆ ಇವರನ್ನ ಎಬ್ಬಿಸ್ಬೇಕು.

ಹೆಂಡತಿ: ನನ್ನ ಎಬ್ಬಿಸೋದಾದ್ರೆ ಮೊದಲು ಆ ಸ್ಪ್ಯಾನರ್ ನನ್ನ ಕೈಗೆ ಕೊಡಿ.

ವಾಲ್ವ್ ಅಷ್ಟು ಬೇಗ ತೆರೆದದ್ದು ಚರಿತ್ರೆಯಲ್ಲೇ ಇಲ್ಲ. ಬಿಸಿನೀರು ಗಳಗಳ ಬಂತು. ಹೆಂಡತಿ ಅವನ ಕಾಲರ್ ಹಿಡಿದೆಳೆದಳು; ಆಮೇಲಿನ ಒಂದು ಗಂಟೆ ವೀರನ ಎಡಗೈ ಅವನದಾಗಿರಲಿಲ್ಲ. ಕೊನೆಗೆ ಹೆಣ್ಣುಮಗುವೊಂದು ನೀರಿಗೆ ಜಾರಿತು, ಸೂಲಗಿತ್ತಿಯ ಕೈಯಿಂದ ಅಮ್ಮನ ಎದೆಗೇರಿ ಅಪ್ಪ ಅಮ್ಮ ಇಬ್ಬರನ್ನೂ ಬೈಯುವ ದನಿಯಲ್ಲಿ ಅತ್ತಿತು.

ಹೆಂಡತಿ: ಹೆರಿಗೆ ತಯಾರಿ ಕ್ಲಾಸಿಗೆ ನನ್ನ ಜೊತೆ ಮೂರು ತಿಂಗಳು ಬಂದ್ರಿ. ನೀರು ಹೋಯ್ತು ಅಂದ್ರೆ ಏನಂತ ನಿಜವಾಗ್ಲೂ ಗೊತ್ತಿರ್ಲಿಲ್ವಾ?

ಗಂಡ: ಗೊತ್ತಿತ್ತು ಕಣೇ. ಆದ್ರೆ ನಂಗೆ ಬರೋದು ಪೈಪ್ ಕೆಲಸ ಒಂದೇ.