ಷಡ್ಡಕನ ಹದಿನೆಂಟು ವರ್ಷದ ಬಾಟಲಿ

ಶಿಕಾರಿಪುರದ ಅಕ್ಕಿ ವ್ಯಾಪಾರಿ ಚಂದ್ರಶೇಖರಪ್ಪನವರ ಹೊಟ್ಟೆಯುರಿ ಮೆಣಸಿನಕಾಯಿ ತಿಂದು ಬಂದದ್ದಲ್ಲ, ಸೊರಬದಿಂದ ಬಂದದ್ದು. ಅಲ್ಲಿದ್ದ ಷಡ್ಡಕ ಸಿದ್ಧಲಿಂಗೇಶನ ಷೋಕೇಸಿನಲ್ಲಿ ಹದಿನೆಂಟು ವರ್ಷದ ಜಾನಿ ವಾಕರ್ ಸ್ಕಾಚ್ ಬಾಟಲಿ ವಿರಾಜಮಾನವಾಗಿತ್ತು. ಕುಡಿಯುವುದಕ್ಕಲ್ಲ. (ಎರಡೂ ಮನೆಯವರು ವಿಭೂತಿ ಧರಿಸದೆ ಕಾಫಿಯನ್ನೂ ಮುಟ್ಟದವರು.) ನೋಡುವುದಕ್ಕೆ; ಅದಕ್ಕಿಂತ ಹೆಚ್ಚಾಗಿ, ಹೇಳುವುದಕ್ಕೆ. ಶಿಕಾರಿಪುರದವರು ಬಂದರೆ ಸಾಕು, ಸಿದ್ಧಲಿಂಗೇಶ ಶುರುಮಾಡುತ್ತಿದ್ದ:

"ಇನ್ನೂರು ವರ್ಷದ ಹಿಂದೆ, ಅಣ್ಣ, ಸ್ಕಾಟ್ಲೆಂಡಲ್ಲಿ ಜಾನ್ ವಾಕರ್ ಅಂತ ಒಬ್ಬ ದಿನಸಿ ಅಂಗಡಿ ಇಟ್ಟಿದ್ದ. ಆಮೇಲೆ ಅವರ ಮನೆಯೋರು ಹಡಗಲ್ಲಿ ಒಡೀಬಾರ್ದು ಅಂತ ಬಾಟ್ಲಿ ಚೌಕ ಮಾಡಿದ್ರು, ಅಕ್ಷರ ದೊಡ್ಡದಾಗಿ ಕಾಣ್ಲಿ ಅಂತ ಚೀಟಿ ಓರೆಯಾಗಿ ಅಂಟಿಸಿದ್ರು. ಕೆಂಪು ಚೀಟಿ ಮೇಲೆ ವಯಸ್ಸೇ ಇಲ್ಲ. ಕಪ್ಪಿಗೆ ಹನ್ನೆರಡು, ಹಸಿರಿಗೆ ಹದಿನೈದು, ನಮ್ದು ಹದಿನೆಂಟು!"

ಚಂದ್ರಶೇಖರಪ್ಪನವರ ಹೆಂಡತಿ ನೀಲಾಂಬಿಕ ಗಂಡನ ಕಡೆ ತಿರುಗಿದರು. "ಕೇಳಿದ್ರೇನ್ರಿ? ಅವನೂ ಅಂಗಡಿಯವ್ನೇ, ನೀವೂ ಅಂಗಡಿಯವ್ರೇ. ಅವನ ಹೆಸ್ರು ಜಗತ್ತಿಗೇ ಗೊತ್ತೈತಿ. ನಿಮ್ಮ ಹೆಸ್ರು ಗೊತ್ತಿರೋದು ಗೋದಾಮಿನ ಹೆಗ್ಗಣಕ್ಕೆ!"

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆಕೆ ಒಂದೇ ಒಂದು ಸಲ "ನಮ್ಮೋರು ಸಿದ್ಧಲಿಂಗೇಶನಿಗಿಂತ ಒಂದು ಕೈ ಮೇಲು" ಎಂದಿದ್ದರೆ ಚಂದ್ರಶೇಖರಪ್ಪನವರು ಅಂಗಡಿಯನ್ನೇ ಅವಳ ಹೆಸರಿಗೆ ಬರೆದುಬಿಡುತ್ತಿದ್ದರು.

ಅವರ ಬೀರುವಿನಲ್ಲೂ ಕಪ್ಪು ಚೀಟಿಯದೊಂದು ಬಾಟಲಿ ಇತ್ತು. ದುಬೈಗೆ ಹೋಗಿಬಂದ ಗಿರಾಕಿಯೊಬ್ಬ ಆರು ವರ್ಷದ ಹಿಂದೆ ಕೊಟ್ಟದ್ದು. ಹನ್ನೆರಡಕ್ಕೆ ಆರು ಕೂಡಿಸಿದರೆ? ಮೂಟೆಯಲ್ಲಿ ಅಕ್ಕಿ ಹಳತಾಗುವುದಿಲ್ಲವೇ, ಹಾಗೇ! ತಕ್ಷಣ ಸೊರಬಕ್ಕೆ ಫೋನು ಹೋಯಿತು.

"ನಮ್ದಕ್ಕೂ ಹದಿನೆಂಟು ತುಂಬಿತಪ್ಪಾ!"

ಷಡ್ಡಕ ನಕ್ಕ ರಭಸಕ್ಕೆ ಶಿಕಾರಿಪುರದ ಟವರ್ ಅಲುಗಾಡಿತು. "ಅಯ್ಯೋ ಮಾರಾಯ್ರೆ, ಗಾಜಿಗೆ ಇಳಿದ ಮೇಲೆ ಅದ್ರ ವಯಸ್ಸು ನಿಂತೇ ಹೋಗ್ತದೆ. ಮರದ ಪೀಪಾಯಿಯಲ್ಲಿದ್ರೆ ಮಾತ್ರ ಬೆಳೀತದೆ."

ಮರ ತಾನೆ? ತಾಳಗುಂದದ ಬಡಗಿ ಯಲ್ಲಪ್ಪನಿಗೆ ಬುಲಾವ್ ಹೋಯಿತು. ಜೀವಮಾನವೆಲ್ಲ ಗಾಡಿಯ ಚಕ್ರ ಮಾಡಿದ ಆ ವಿಶ್ವಕರ್ಮ ಮತ್ತಿ ಮರದ ಪುಟ್ಟ ಪೀಪಾಯಿಯೊಂದನ್ನು ಕಟ್ಟಿಕೊಟ್ಟ. "ನೂರು ವರ್ಷ ಜಪ್ಪಯ್ಯ ಅನ್ನಲ್ಲ ಯಜಮಾನ್ರೇ!" ಮದ್ಯವನ್ನು ಅದಕ್ಕೆ ಸುರಿದು, ಬಿರಟೆ ಜಡಿದು, ಅಟ್ಟದ ಮೇಲೆ ಪ್ರತಿಷ್ಠಾಪಿಸಿದ್ದಾಯಿತು. (ವಾರಗಟ್ಟಲೆ ಮನೆಯಲ್ಲಿ ಏನೋ ಘಮಲು. ಪಕ್ಕದ ಮನೆಗೆ ವಾರ್ನಿಷ್ ಹೊಡೆಸುತ್ತಿದ್ದಾರೆಂದು ಎಲ್ಲರೂ ತಿಳಿದರು.)

ಕಾಯಬೇಕಾದದ್ದು ಆರು ವರ್ಷ. ಹೊಟ್ಟೆಕಿಚ್ಚು ಆರು ತಿಂಗಳೂ ಕಾಯಲಿಲ್ಲ. ಸೊರಬದವರನ್ನು ಊಟಕ್ಕೆ ಕರೆದು, ಜರಿ ಶಲ್ಯ ಹೊದ್ದು, ಎಲ್ಲರೆದುರು ಚಂದ್ರಶೇಖರಪ್ಪನವರು ಬಿರಟೆ ಕಿತ್ತು ಪೀಪಾಯಿ ಬಗ್ಗಿಸಿದರು.

ಒಂದು ಸತ್ತ ಜಿರಲೆ ಬಿತ್ತು. ಮತ್ತೇನೂ ಬೀಳಲಿಲ್ಲ.

"ವರ್ಷ ವರ್ಷ ಸ್ವಲ್ಪ ಆವಿಯಾಗ್ತದೆ ಅಣ್ಣ," ಸಿದ್ಧಲಿಂಗೇಶ ಮರುಕದಿಂದ ಹೇಳಿದ. "ಅಲ್ಲಿಯೋರು ಅದಕ್ಕೆ ದೇವತೆಗಳ ಪಾಲು ಅಂತಾರೆ."

"ಅಲ್ಲಿ ದೇವತೆಗಳು ಗುಟುಕು ಹಾಕ್ತಾರೇನೋ," ಎಂದರು ನೀಲಾಂಬಿಕ. "ಇಲ್ಲಿಯೋರು ನೆಕ್ಕಿ, ಒರೆಸಿ, ಜಿರ್ಲೆ ಕಾವಲಿಟ್ಟು ಹೋಗ್ಯಾರೆ!"

ಮುಂದಿನ ವಾರ ಸಿದ್ಧಲಿಂಗೇಶ ತನ್ನ ಬಾಟಲಿಯನ್ನೇ ಟವಲಿನಲ್ಲಿ ಸುತ್ತಿ ತಂದ. "ಬೇಜಾರು ಮಾಡ್ಕೋಬೇಡಿ ಅಣ್ಣ. ಇದು ನಿಮ್ಮನೇಲೇ ಇರ್ಲಿ."

ಚಂದ್ರಶೇಖರಪ್ಪನವರಿಗೆ ಕೈಲಾಸ ಮೂರೇ ಗೇಣು! ಗೆದ್ದೆ ಎಂದುಕೊಂಡರು. ಬಾಟಲಿಯನ್ನು ಷೋಕೇಸಿನ ನಟ್ಟನಡುವೆ ನಿಲ್ಲಿಸಿದರು. ಪಕ್ಕದ ಮನೆಯ ವೀರಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದದ್ದೇ ತಡ, ಗಂಟಲು ಸರಿಮಾಡಿಕೊಂಡು "ಇನ್ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಾಗೆ..." ಎಂದು ಶುರುಮಾಡಿದರು.

"ನನ್ನ ತಂಗಿ ಗಂಡ ಕೊಟ್ಟಿದ್ದು ವೀರಮ್ಮಾರೆ!" ನೀಲಾಂಬಿಕ ನಡುವೆ ಬಾಯಿ ಹಾಕಿದರು. "ಎಂಥಾ ದೊಡ್ಡ ಮನಸ್ಸು ನೋಡ್ರಿ. ಎಲ್ರಿಗೂ ಬರ್ತೈತೇನು? ರೀ, ಏನ್ ನಿಂತ್ಕೊಂಡು ನೋಡ್ತೀರಿ? ಅದ್ರ ಧೂಳು ಒರೆಸಿ ಅವ್ರಿಗೆ ತೋರಿಸ್ರಿ."