ದಸರಾ ವೇಷಕ್ಕೆ ಯಾವ ಟಿಕೆಟ್?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ರಜೆ ಅರ್ಜಿ ಬಿಟ್ಟರೆ ನಾನು ಏನನ್ನೂ ಬರೆದವನಲ್ಲ. ಟಿಕೆಟ್ಟನ್ನೂ ಮಷಿನ್ನೇ ಬರೆಯುತ್ತದೆ. ಬಳ್ಳಾರಿಯಿಂದ ಕುರುಗೋಡು ಸುತ್ತಿಕೊಂಡು ಸಿರುಗುಪ್ಪಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. ನವರಾತ್ರಿ ಬಂತೆಂದರೆ ನಮ್ಮ ಬಸ್ಸಿನಲ್ಲಿ ಏನಾದರೊಂದು ಆಗಿಯೇ ಆಗುತ್ತದೆ. ಇವತ್ತು ಮತ್ತೆ ನವರಾತ್ರಿ ಶುರು. ಬಸ್ ಬಿಡಲು ಇನ್ನೂ ಸ್ವಲ್ಪ ಹೊತ್ತಿದೆ, ಅಷ್ಟರಲ್ಲಿ ಹೋದ ವರ್ಷದ್ದನ್ನು ಬರೆದುಬಿಡುತ್ತೇನೆ.

೧. ಹಸಿರು ಸೀರೆ

ಹಸಿರು ಸೀರೆಯ ಹೆಂಗಸೊಬ್ಬಳಿಗೆ ಫ್ರೀ ಟಿಕೆಟ್ ಕೊಡಲು ಹೋದೆ. (ನಮ್ಮಲ್ಲಿ ಹೆಂಗಸರಿಗೆ ಬಸ್ ಫ್ರೀ. ಎಲ್ಲರಿಗೂ ಗೊತ್ತಿದೆ, ಆದರೂ ಹೇಳಿದೆ.) ಆಕೆ ಗಡಸು ದನಿಯಲ್ಲಿ, "ತಮ್ಮಾ, ಸೀರಿ ಹೆಂಗಸಂದು, ಒಳಗಿರಾಂವ ಗಂಡಸು. ರೊಕ್ಕ ತಗೊ. ನಾಳೆ ಚೆಕಿಂಗ್ ಬಂದ್ರ ನಿನಗ ತ್ರಾಸು" ಎಂದಳು. ಅಂದರೆ ಎಂದ. ದಸರಾದಲ್ಲಿ ಊರೂರು ತಿರುಗುವ ಹಗಲುವೇಷದ ಅಜ್ಜ ಅವನು. ಇಂಥ ನಿಯತ್ತಿನವನನ್ನು ನಾನು ನೋಡಿರಲಿಲ್ಲ.

ಅವನ ಪಕ್ಕದಲ್ಲಿ ಕೂತಿದ್ದ ಹೆಂಗಸು ಹಣೆ ಚಚ್ಚಿಕೊಂಡಳು: "ಅಯ್ಯ ನಮ್ಮವ್ವ! ಕುರುಗೋಡಿನಿಂದ ನಮ್ಮ ಸೊಸಿ ಗುಟ್ಟೆಲ್ಲ ನಾ ಇವನ ಮುಂದ ಹೇಳಿಬಿಟ್ಟೆನಲ್ಲೋ!"

೨. ಪಾಂಡವರ ಷರತ್ತು

ಮರುದಿನ ಅಜ್ಜ ಹನುಮಂತನಾಗಿ, ಬಾಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ದಸರಾಕ ವೇಷ ಯಾಕ ಹಾಕ್ತಾರ ಅಜ್ಜಾ?" ಎಂದೆ. ಡ್ರೈವರಣ್ಣ ಮುಂದಿನಿಂದಲೇ, "ದೇವಿಗೆ ಒಂಬತ್ತು ರೂಪ ಅದಾವಲ್ಲ, ಅದಕ" ಎಂದ.

ಅಜ್ಜ ಒಪ್ಪಲಿಲ್ಲ. "ಪಾಂಡವರಿಂದ ಬಂದಿದ್ದು ಇದು. ಅಜ್ಞಾತವಾಸದಾಗ ಭೀಮ ಅಡಗಿ ಭಟ್ಟ ಆದ, ಅರ್ಜುನ ಕುಣಿತ ಕಲಸಾಕಿ ಆದ. ಗುರುತು ಸಿಕ್ಕಿದ್ರ ಮತ್ತ ವನವಾಸ. ಸಿಗಲಿಲ್ಲ. ಬನ್ನಿ ಗಿಡದಾಗ ಇಟ್ಟಿದ್ದ ಆಯುಧ ಇಳಿಸಿ ಗೆದ್ರು. ಅದಕ ದಸರಾಕ ವೇಷ."

ಆಮೇಲೆ ದನಿ ತಗ್ಗಿಸಿದ. "ಈಗ ಬಣ್ಣ ಹಚ್ಚೂಮುಂದ ನನ್ನ ಕೈ ನಡಗತೈತಿ. ನೀ ದಿನಾ ನೋಡಾಂವ. ಈ ಹಬ್ಬ ಮುಗಿಯೂದರಾಗ ನೀ ಗುರುತು ಹಿಡದ್ರ, ಬಣ್ಣದ ಪೆಟ್ಟಿಗಿ ಮುಚ್ಚಿಬಿಡ್ತೀನಿ. ಸುಳ್ಳ ಮಾತ್ರ ಹೇಳಬ್ಯಾಡ."

ಒಲ್ಲದ ಮನಸ್ಸಿನಿಂದ ಹೂಂ ಎಂದೆ. ಡ್ರೈವರಣ್ಣ ನಕ್ಕ: "ಅಜ್ಜಾ, ಆರಾಮಿರು. ಇವ ಟಿಕೆಟ್ ಕೊಟ್ಟವರಿಗೇ ಮತ್ತ ಟಿಕೆಟ್ ಕೇಳತಾನ!"

೩. ನಿಜವಾದ ಗಡ್ಡ

ಅಂದಿನಿಂದ ನನಗೆ ಎಲ್ಲರೂ ಅಜ್ಜನಂತೆಯೇ ಕಂಡರು. ಬಾದನಹಟ್ಟಿಯಲ್ಲಿ ಜಡೆಯ ಸಾಧು ಒಬ್ಬರು ಹತ್ತಿದರು. ಕಣ್ಣು ಹೊಡೆದು, "ಸಾಕು ಬಿಡು ಅಜ್ಜಾ" ಎಂದೆ. ಅವರು ಕನಿಕರದಿಂದ ನನ್ನ ತಲೆ ಸವರಿದರು: "ಸಂಸಾರ ಸಾಕಾತೇನು ಮಗನ? ಹಂಗಾದ್ರ ನನ್ನ ಕೂಡ ಬಾ."

ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಕುರಿಗಾರನೊಬ್ಬ ಕೆಮ್ಮಿ ಕೆಮ್ಮಿ ನಕ್ಕ. ಇಳಿಯುವಾಗ ಹೇಳಿದ, "ಹೋಗಬ್ಯಾಡ ತಮ್ಮಾ, ನನಗ ಟಿಕೆಟ್ ಕೊಡೋರು ಯಾರು?" ಅಜ್ಜ!

೪. ಮೀಸೆ

ವಿಜಯದಶಮಿ ಸಂಜೆ. ಸಿರುಗುಪ್ಪ ಇನ್ನೇನು ಬಂತು ಅನ್ನುವಾಗ ಚೆಕಿಂಗ್ ಸಾಹೇಬರು ಕೈ ಅಡ್ಡ ಹಿಡಿದು ಬಸ್ ಹತ್ತಿದರು. ದಪ್ಪ ಬಿಳಿ ಮೀಸೆ. ಟಿಕೆಟ್ ನೋಡುತ್ತಿದ್ದ ಅವರ ಕೈ ನಡುಗುತ್ತಿತ್ತು. ಅಜ್ಜ ಸಿಕ್ಕಿದ ಅಂದುಕೊಂಡೆ. ಅಯ್ಯೋ, ಇನ್ನು ಪೆಟ್ಟಿಗೆ ಮುಚ್ಚಿದ ಹಾಗೆ! ಆದರೆ ಸುಳ್ಳು ಹೇಳುವಂತಿಲ್ಲವಲ್ಲ. "ಅಜ್ಜಾ, ಗುರುತು ಹಿಡದೆ" ಎನ್ನುತ್ತಾ ಮೀಸೆ ಎಳೆದೆ.

ಬರಲಿಲ್ಲ. ಇನ್ನೊಮ್ಮೆ ಎಳೆದೆ. ಸಾಹೇಬರೇ ಮುಂದಕ್ಕೆ ಬಂದರು. (ಕೈ ನಡುಗಿದ್ದು ಯಾಕೆಂದರೆ ಎಂಜಿನ್ ಚಾಲೂ ಇತ್ತು. ನಮ್ಮ ಬಸ್ಸಿನಲ್ಲಿ ಎಲ್ಲರ ಕೈಯೂ ನಡುಗುತ್ತದೆ.)

"ಮೆಮೊ ಕೊಡ್ತೀನಿ ನಿನಗ!" ಅವರು ಗುಡುಗಿದರು. ಆಗ ಬಿಳಿ ಧೋತರದ ಮುದುಕನೊಬ್ಬ ಎದ್ದು ಬಂದ. ಕುರುಗೋಡಿನಲ್ಲಿ ನಾನೇ ಅವನಿಗೆ ಟಿಕೆಟ್ ಕೊಟ್ಟಿದ್ದೆ. ಸಾಹೇಬರ ಕೈಗೆ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ. ತಪ್ಪು ನಂದೈತಿ" ಎಂದು ಷರತ್ತಿನ ಕತೆಯನ್ನೆಲ್ಲ ಹೇಳಿದ. ಅದು ಅಜ್ಜನ ದನಿ! ಬಣ್ಣವಿಲ್ಲದ ಆ ಮುಖವನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

"ಇದ್ಯಾವ ವೇಷ ಅಜ್ಜಾ?"

"ಇದು ನಂದ. ನೀ ಹಿಡಿಲಿಲ್ಲ. ಪೆಟ್ಟಿಗಿ ಮುಚ್ಚಂಗಿಲ್ಲ."

ಸಾಹೇಬರು ಮೀಸೆ ನೀವಿಕೊಂಡರು. "ಮುಂದಿನ ವರ್ಷ ಮೀಸಿ ಅಂಟಿಸೂದಿದ್ರ, ಆ ಅಂಟು ಗಟ್ಟಿ ಐತಿಲ್ಲೋ ಈ ಕಂಡಕ್ಟರನ ಕೈಲೆ ಎಳಿಸಿ ನೋಡ್ರಿ. ಚಲೋ ಎಳೀತಾನ."

ಅಂಟು ಅಂದರೆ ಏನೆಂದು ಸ್ವಲ್ಪ ವಿವರಿಸುತ್ತೇನೆ. ಬಣ್ಣದವರು ಮೀಸೆಗೆ ಹಚ್ಚುವ ಅಂಟು ಮನೆಯ ಅಂಟಿನಂತಲ್ಲ, ಅದು ಮೊದಲು...

ಡ್ರೈವರಣ್ಣ ಹಾರ್ನ್ ಹೊಡೆಯುತ್ತಿದ್ದಾನೆ: "ಲೇ, ಬರದಿದ್ದು ಸಾಕು, ಲಗೂನ ಬಾ! ಇಲ್ಲೊಬ್ಬಾಕಿ ಮುದುಕಿ ಫ್ರೀ ಟಿಕೆಟ್ ಒಲ್ಲೆ, ರೊಕ್ಕಾನ ತಗೊ ಅಂತ ಹಟ ಹಿಡದು ಕುಂತಾಳ!"