ನೀಲಿ ಬೆಳಕಿನ ಡಿಸ್ಕಿಗೆ ಕಾದವರು

ನನ್ನ ತಾಯಿಯ ತಮ್ಮ, ಅಂದರೆ ನಮ್ಮ ಮಾಮಾ, ಇಡೀ ಗಜೇಂದ್ರಗಡದಲ್ಲೇ ಅತ್ಯಂತ ಆಧುನಿಕ ಮನುಷ್ಯ. ಎಷ್ಟು ಆಧುನಿಕರೆಂದರೆ, ಅವರ ಮನೆಯಲ್ಲಿ ಟಿವಿಯೇ ಇಲ್ಲ.

ಊರಿಗೆ ಕಪ್ಪು-ಬಿಳುಪು ಟಿವಿ ಬಂದಾಗ ಮಾಮಾ ‘ಬಣ್ಣದ್ದು ಬರಲಿ’ ಎಂದರು. ಬಣ್ಣದ್ದು ಬಂದಾಗ ‘ರಿಮೋಟಿನದು ಬರಲಿ’ ಎಂದರು. ರಿಮೋಟು ಬರುವಷ್ಟರಲ್ಲಿ ಗೋಡೆಗೆ ನೇತುಹಾಕುವ ಟಿವಿಯ ಸುದ್ದಿಯನ್ನು ಪೇಪರಿನಲ್ಲಿ ಓದಿಬಿಟ್ಟಿದ್ದರು. ಸಿಡಿ ಬರುತ್ತದೆಂದು ವಿಸಿಆರ್ ಕೊಳ್ಳಲಿಲ್ಲ, ಡಿವಿಡಿ ಬರುತ್ತದೆಂದು ಸಿಡಿ ಪ್ಲೇಯರ್ ಕೊಳ್ಳಲಿಲ್ಲ. ಕೊಂಡವರೆಲ್ಲ ಮರುವರ್ಷವೇ ಹಳಬರಾದರು. ಏನನ್ನೂ ಕೊಳ್ಳದ ಮಾಮಾ ಮಾತ್ರ ಎಲ್ಲರಿಗಿಂತ ಮುಂದೆಯೇ ಉಳಿದರು.

ಇಂಥ ಸೋದರಮಾವ ಬೇರೆ ಯಾರಿಗಾದರೂ ಸಿಕ್ಕಿದ್ದರೆ ತೊಂದರೆಯಿರಲಿಲ್ಲ. ನಾನು ರೋಣದಲ್ಲಿ ಟಿವಿ, ಪ್ಲೇಯರ್ ಮಾರುವ ಅಂಗಡಿಯವನು. ಸೈಕಲ್ ಮೇಲೆ ಬ್ಯಾಟರಿ, ಬಲ್ಬು ಮಾರುತ್ತ ಮೇಲೆ ಬಂದವನು. ಜಡಿಮಳೆಯಲ್ಲಿ ಫ್ಯಾನು ಮಾರಿದ ಖ್ಯಾತಿ ನನಗಿದೆ. ಹದಿನೈದು ವರ್ಷದಲ್ಲಿ ಮಾಮಾನಿಗೆ ಒಂದು ಪ್ಲಗ್ಗನ್ನೂ ಮಾರಲಾಗಲಿಲ್ಲವೆಂದರೆ ನನ್ನ ಹೊಟ್ಟೆ ಎಷ್ಟು ಉರಿದಿರಬೇಡ?

ಅವರ ಹತ್ತಿರ ಇದ್ದದ್ದು ಒಂದೇ ಒಂದು ವಿಡಿಯೊ ಕ್ಯಾಸೆಟ್. ಮಗಳನ್ನು ಸೂಡಿಗೆ ಕೊಟ್ಟಾಗ ನರಗುಂದದ ಫೋಟೊದವನು ತೆಗೆದ ಮದುವೆ. ಅದಾಗಿ ಆರು ತಿಂಗಳಿಗೆ ನಮ್ಮ ಅತ್ತೆ ತೀರಿಕೊಂಡರು. ಮಾಮಾ ಆ ಕ್ಯಾಸೆಟ್ಟನ್ನು ರವಿಕೆ ಖಣದ ತುಂಡಿನಲ್ಲಿ ಸುತ್ತಿಕೊಂಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ನನ್ನ ಅಂಗಡಿಗೆ ಬರುತ್ತಿದ್ದರು. ನಾನು ಉಳಿಸಿಕೊಂಡಿದ್ದ ಹಳೇ ವಿಸಿಆರಿನಲ್ಲಿ ಹಾಕುತ್ತಿದ್ದೆ. ಊಟದ ಪಂಕ್ತಿಯ ತನಕ ನೋಡಿ “ಸಾಕು, ಬಂದ್ ಮಾಡಪಾ” ಎನ್ನುತ್ತಿದ್ದರು. ಪಂಕ್ತಿ ನೋಡಿ ಹಸಿವಾಯಿತೇನೋ ಎಂದು ನಾನು ಪ್ರತಿಸಲ ಗಿರಮಿಟ್ಟು, ಮಿರ್ಚಿ ತರಿಸುತ್ತಿದ್ದೆ.

ಆ ಟೇಪಿಗೆ ಬೂಜು ಹಿಡಿಯತೊಡಗಿತ್ತು. ಪ್ರತಿಸಲ ಹಾಕಿದಾಗಲೂ ಬಿಳಿ ಗೆರೆಗಳು ಹೆಚ್ಚುತ್ತಿದ್ದವು.

“ಮಾಮಾ, ಲಗೂ ಡಿವಿಡಿಗೆ ಇಳಿಸೋಣ. ಇನ್ನೊಂದು ಮಳಿಗಾಲಕ್ಕ ಇದು ಉಳಿಯೂದಿಲ್ಲ.”

“ತಡಿ ಅಳಿಯಾ. ನೀಲಿ ಬೆಳಕಿನ ಡಿಸ್ಕ ಬರಾಕತ್ತೈತಿ. ಕೂದಲೆಳಿ ಸುದ್ದಾ ಎಣಿಸಬೌದಂತ.”

ಬ್ಲೂ-ರೇ ಎಂಬುದರ ಸುದ್ದಿಯನ್ನು ಅವರು ಪೇಪರಿನಿಂದ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡಿದ್ದರು. ಅದಕ್ಕೆ ಎದುರಾಳಿಯಾಗಿ ಎಚ್‌ಡಿ ಡಿವಿಡಿ ಎಂಬ ಇನ್ನೊಂದು ಬಂದಿತ್ತು. ಯಾವುದು ಗೆಲ್ಲುತ್ತದೋ ಜಗತ್ತಿಗೇ ಗೊತ್ತಿರಲಿಲ್ಲ. “ಎರಡು ಹೋರಿ ಗುದ್ದಾಡುವಾಗ ನಡುವ ಹೋಗಿ ಹಗ್ಗ ಹಿಡೀಬಾರದು” ಎಂದು ಮಾಮಾ ಕುಳಿತುಬಿಟ್ಟರು.

ಸುಮ್ಮನೆ ಕುಳಿತಿದ್ದರೆ ಚೆನ್ನಾಗಿತ್ತು. ಮಾಮಾ ಕೈಮಗ್ಗದಲ್ಲಿ ಸೀರೆ ನೇಯುವವರು. ಎಳೆ ಎಣಿಸಲು ಒಂದು ಭೂತಗನ್ನಡಿ ಸದಾ ಜೇಬಿನಲ್ಲಿರುತ್ತದೆ. ಅದನ್ನು ನನ್ನ ಅಂಗಡಿಯ ಟಿವಿಗಳಿಗೆ ಹಿಡಿದು “ಇದರಾಗ ಇಂಚಿಗೆ ಎಷ್ಟು ಎಳಿ ಅದಾವು?” ಎಂದು ಗಿರಾಕಿಗಳ ಎದುರಿಗೇ ಕೇಳುತ್ತಿದ್ದರು. ಒಮ್ಮೆ ಹೊಳೆಮಣ್ಣೂರಿನ ಗಿರಾಕಿಯೊಬ್ಬರು ಡಿವಿಡಿ ಪ್ಲೇಯರಿನ ಡಬ್ಬಿಯನ್ನು ಬಗಲಲ್ಲಿ ಇಟ್ಟುಕೊಂಡು ರೊಕ್ಕ ತೆಗೆಯುತ್ತಿದ್ದರು.

“ಇದು ತಗೋಬ್ಯಾಡ್ರಿ,” ಎಂದರು ಮಾಮಾ. “ಇದರ ನೇಯ್ಗಿ ತೆಳು ಐತಿ. ಇದಕ್ಕಿಂತ ಚಲೋದು ಬರಾಕತ್ತೈತಿ.”

“ಯಾವಾಗ ಬರತೈತ್ರಿ?”

“ಅಮೇರಿಕಾಕ್ಕ ಬಂದೈತ್ರಿ. ಇನ್ನೇನು, ಗದಗ ದಾಟಿದ್ರ ರೋಣ.”

ಗಿರಾಕಿ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಇಬ್ಬರಿಗೂ ಕೈಮುಗಿದು ಹೋದರು.

ನಾನು ಹಲ್ಲು ಕಚ್ಚಿಕೊಂಡೆ. ಆದರೆ ವ್ಯಾಪಾರಸ್ಥನಾದವನು ಕಲ್ಲು ಎಡವಿದರೂ ಆ ಕಲ್ಲನ್ನು ಮಾರಬಹುದೇ ಎಂದು ನೋಡಬೇಕು. ಮುಂದಿನ ವಾರ ಹುಬ್ಬಳ್ಳಿಗೆ ಮಾಲು ತರಲು ಹೋಗುವಾಗ ಮಾಮಾನನ್ನೂ ಕರೆದುಕೊಂಡು ಹೋದೆ. ಅವರು ಸಗಟು ವ್ಯಾಪಾರಿಯ ಟಿವಿಗೆ ಭೂತಗನ್ನಡಿ ಹಿಡಿದರು, ಪೇಪರಿನ ತುಂಡು ಬಿಡಿಸಿದರು, ನಿಟ್ಟುಸಿರು ಬಿಟ್ಟು “ಪಾಪ, ಇಷ್ಟೊಂದು ಮಾಲ ಇಟಗೊಂಡು ಕುಂತೀರಿ” ಎಂದರು. ವ್ಯಾಪಾರಿ ಬೆವರೊರೆಸಿಕೊಂಡು, ನಾನು ಕೇಳುವ ಮೊದಲೇ ರೇಟು ಇಳಿಸಿದ. ನಿಮಗೂ ಹೇಳುತ್ತೇನೆ: ಚೌಕಾಸಿಗೆ ಹೋಗುವಾಗ ಕೊಳ್ಳುವ ಮನಸ್ಸೇ ಇಲ್ಲದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ಮುಖಭಾವವನ್ನು ನಟಿಸಿ ತರಲಾಗುವುದಿಲ್ಲ.

ಕೊನೆಗೊಂದು ದಿನ ಎರಡು ಡಿಸ್ಕುಗಳ ಜಗಳ ಮುಗಿಯಿತು. ಎದುರಾಳಿ ಹಿಂದೆ ಸರಿಯಿತು. ಮರುದಿನವೇ ಮಾಮಾ ಎಂಟು ವರ್ಷದ ಮೊಮ್ಮಗಳ ಕೈಹಿಡಿದು ಅಂಗಡಿಗೆ ಬಂದರು. ಬಗಲಲ್ಲಿ ಖಣದ ಗಂಟು.

“ನೀಲೀದು ಗೆದ್ದೈತಿ. ಇನ್ನ ಇಳಿಸು.”

ಆ ಮಷೀನು ಹುಬ್ಬಳ್ಳಿಯಲ್ಲೂ ಸಿಗುತ್ತಿರಲಿಲ್ಲ. ಕ್ಯಾಸೆಟ್ ಹಾಕಿದೆ. ಮದುವೆ ಮಂಟಪದಲ್ಲಿ ಅರ್ಧಕ್ಕರ್ಧ ಬಿಳಿ ಗೆರೆ. ಇನ್ನು ತಡಮಾಡುವಂತಿರಲಿಲ್ಲ.

“ಮಾಮಾ, ಒಂದು ಮಾತು ಕೇಳ್ತೀನಿ. ದಪ್ಪ ನೂಲಿನಾಗ ನೇದ ಸೀರೀನ ಬೆಳ್ಳಿ ಪೆಟಗ್ಯಾಗ ಇಟ್ಟರ ಅದು ಸಣ್ಣ ನೂಲಿಂದ ಆಗತೈತೇನ್ರಿ?”

ಮಾಮಾ ನನ್ನ ಮುಖ ನೋಡಿದರು. ಆಮೇಲೆ ಟಿವಿ ನೋಡಿದರು. ನೂಲಿನ ವಿಷಯದಲ್ಲಿ ಅವರು ಯಾವತ್ತೂ ಸುಳ್ಳು ಹೇಳಿದವರಲ್ಲ.

“ಆಗೂದಿಲ್ಲ,” ಎಂದರು. “ನೇಯುವಾಗ ಹ್ಯಾಂಗಿತ್ತೋ ಹಂಗ.” ಖಣದ ತುಂಡನ್ನು ಮಡಚುತ್ತ, “ಹಂಗಾರ ಸಾದಾ ಡಿಸ್ಕಿಗೇ ಇಳಿಸಪಾ,” ಎಂದರು.

ಮಧ್ಯಾಹ್ನಕ್ಕೆ ಡಿಸ್ಕು ತಯಾರಾಯಿತು. ಹಾಕಿ ನೋಡಿದೆವು. ಊಟದ ಪಂಕ್ತಿ ಬಂತು. ರೂಢಿಯಂತೆ ಮಿರ್ಚಿ ತರಿಸಲು ನಾನು ಎದ್ದೆ.

“ಕುಂದರು. ಚೂರು ಹಿಂದಕ್ಕ ಒಯ್ಯಿ. ಇಲ್ಲೇ ನಿಲ್ಲಿಸು.”

ಪಂಕ್ತಿಯ ತುದಿಯಲ್ಲಿ, ಸಾರಿನ ಬಕೆಟ್ ಹಿಡಿದ ಹೆಂಗಸೊಬ್ಬಳು ಸೆರಗು ಎಳೆದುಕೊಳ್ಳುವ ಮೊದಲು ಈ ಕಡೆ ತಿರುಗಿದ್ದಳು. ಅತ್ತೆ. ಕ್ಯಾಮೆರಾ ಕಂಡರೆ ಕಂಬದ ಹಿಂದೆ ಸರಿಯುತ್ತಿದ್ದ ಅತ್ತೆಯ ಒಂದೇ ಒಂದು ಫೋಟೊವೂ ಮನೆಯಲ್ಲಿಲ್ಲವೆಂಬುದು ನನಗೆ ಆಗ ನೆನಪಾಯಿತು. ಹತ್ತು ವರ್ಷ ಅವರೊಂದಿಗೆ ಕುಳಿತು ಇದನ್ನೇ ನೋಡಿದ್ದೆ, ಮಿರ್ಚಿ ತಿನ್ನುತ್ತ.

“ಯಾರಜ್ಜಾ ಅಕಿ?” ಎಂದಳು ಮೊಮ್ಮಗಳು.

“ನಿಮ್ಮ ಆಯಿ.”

“ಮಾರೀನ ಕಾಣವಲ್ದು.”

ನನ್ನೊಳಗಿನ ಅಂಗಡಿಕಾರ ಸುಮ್ಮನಿರಲಿಲ್ಲ. “ಕ್ಯಾಸೆಟ್ಟಿಗಿಂತ ಈಗ ಎಷ್ಟೋ ಸ್ಪಷ್ಟ ಐತಿ ನೋಡ್ರಿ ಮಾಮಾ,” ಎಂದೆ.

“ಸುಳ್ಳ ಹೇಳಬ್ಯಾಡ ಅಳಿಯಾ. ನನಗ ಮದಲಿಂದಲೂ ಸ್ಪಷ್ಟನ ಕಾಣತಾಳ. ನಾ ಕಾದದ್ದು ಈ ಕೂಸಿನ ಸಲವಾಗಿ.”

ಮಾಮಾ ಜೇಬಿನಿಂದ ಭೂತಗನ್ನಡಿ ತೆಗೆದು ಹುಡುಗಿಯ ಕೈಗೆ ಕೊಟ್ಟರು. ಪರದೆಯ ಮೇಲಿನ ಮಸುಕಿನಲ್ಲಿ ಬೆರಳಿಟ್ಟು, “ಇಲ್ಲಿ ನೋಡು, ಗದ್ದದ ಮ್ಯಾಲ ಹಚ್ಚಿ ಬೊಟ್ಟು. ಇಲ್ಲಿ, ಎಡಗಣ್ಣಿನ ಬಾಜೂಕ, ಸಣ್ಣ ಮಚ್ಚಿ. ನಗುವಾಗ ಇದು ಮ್ಯಾಲ ಹೋಗತಿತ್ತು...” ಎಂದು ಹೇಳುತ್ತ ಹೋದರು. ಪರದೆಯ ಮೇಲೆ ಅದ್ಯಾವುದೂ ಇರಲಿಲ್ಲ.

ಹುಡುಗಿ ಗಾಜನ್ನು ಕಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಹೂಂ ಅಜ್ಜಾ,” ಎಂದಳು, “ಈಗ ಕಾಣಾಕತ್ತಾಳ.”